‘ರಿ’ ಇಲ್ಲದ ಮೆಸೇಜ್

ಮೂಡಲಗಿಯ ಪ್ರಿಂಟಿಂಗ್ ಪ್ರೆಸ್ಸಿಗೆ ನುಗ್ಗಿದ ನಂದಾ ತನ್ನ ಮೊಬೈಲನ್ನು ಬಸವಲಿಂಗನ ಮೂಗಿನ ಮುಂದೆ ಹಿಡಿದಳು.

“ಈ ಡಬ್ಬಿ ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗ ಹೆಂಗ ಬಂತು, ಹೇಳ್ರಿ?”

ಅವನು ನೋಡಿದ. ಗೋಕಾಕದ ‘ಬಾಳವ್ವನ ಕರದಂಟು’ ಅಂಗಡಿಗೆಂದು ತಾನೇ ಡಿಸೈನ್ ಮಾಡಿದ, ಇನ್ನೂ ಅಚ್ಚಾಗದ ಹೊಸ ಡಬ್ಬಿ. ಅಂಗಡಿಯ ಹೆಸರಿನಲ್ಲೇ ಯಾರೋ ನಕಲಿ ಪೇಜ್ ತೆರೆದು ಅದನ್ನು ಹಾಕಿದ್ದರು. ಕೆಳಗೊಂದು ಲಿಂಕ್: ‘ಅರ್ಧ ಬೆಲೆ, ಇಂದೇ ಹಣ ಕಳುಹಿಸಿ.’ ಅದೇ ಸಾಲು ಗಿರಾಕಿಗಳ ಮೊಬೈಲಿಗೆ ಮೆಸೇಜಾಗಿಯೂ ಹೋಗಿತ್ತು.

ಬಾಳವ್ವ ನಂದಾಳ ಅಜ್ಜಿ. ನಲವತ್ತು ವರ್ಷ ಬೆಲ್ಲದ ಪಾಕದ ಮುಂದೆ ನಿಂತು ಗಳಿಸಿದ ಹೆಸರು ಅದು. ಲಿಂಕ್ ಒತ್ತಿ ಮೋಸಹೋದವರು ಬೈದದ್ದು ಕಳ್ಳನನ್ನಲ್ಲ, ಬಾಳವ್ವನನ್ನು. ಅಂಕಲಗಿಯ ಬಾಣಂತಿಯೊಬ್ಬಳ ತಾಯಿ ಅಂಗಡಿಗೇ ಬಂದು ಅತ್ತು ಹೋಗಿದ್ದಳು. ಅಂದಿನಿಂದ ಅಜ್ಜಿಗೆ ಊಟ ಸೇರುತ್ತಿರಲಿಲ್ಲ.

ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ನಂದಾ ಬಂದಿದ್ದಳು. ಆದರೆ ಅವನು ವಾದಕ್ಕೇ ಇಳಿಯಲಿಲ್ಲ.

“ತಪ್ಪು ನನ್ನದೈತ್ರಿ. ಡಬ್ಬಿ ಚಲೋ ಬಂದೈತಿ ಅಂತ ಖುಷಿಗೆ ಪ್ರೆಸ್ಸಿನ ಪೇಜಿನ್ಯಾಗ ಹಾಕಿದ್ನಿ, ಯಾರೋ ಕದ್ದಾರ. ಕುಂದರ್ರಿ, ಕೂಡಿ ಆ ಪೇಜ್ ತಗಸೂಣು.”

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ನಂದಾ ಅದುವರೆಗೆ ಕಂಡಿರಲಿಲ್ಲ. ಕೂತಳು.

ಆ ವಾರ ಇಬ್ಬರೂ ಸ್ಕ್ರೀನ್‌ಶಾಟ್ ತೆಗೆದರು, ಪೇಜಿನ ಮೇಲೆ ರಿಪೋರ್ಟ್ ಹಾಕಿದರು, ಮೋಸಹೋದವರನ್ನು ಕರೆಸಿ ಸೈಬರ್ ಪೊಲೀಸರಿಗೆ ದೂರು ಕೊಡಿಸಿದರು. ಅವನು ಸ್ಕ್ರೀನ್ ನೋಡುವಾಗ ಅವಳು ಅವನನ್ನು ನೋಡುವಳು. ಅವನು ತಿರುಗಿದರೆ ಕೀಬೋರ್ಡಿನ ಧೂಳು ಒರೆಸುವಳು. ಮೂರೇ ದಿನದಲ್ಲಿ ಆ ಹಳೆಯ ಕೀಬೋರ್ಡ್ ಹೊಸದರಂತೆ ಹೊಳೆಯತೊಡಗಿತು.

ನಾಲ್ಕನೆಯ ದಿನ ಹುಕ್ಕೇರಿಯಿಂದ ಹಳೆಯ ಗಿರಾಕಿ ಉದ್ದವ್ವನ ಫೋನ್ ಬಂತು. “ನನಗೂ ಬಂದಿತ್ತವಾ ಆ ಮೆಸೇಜ್. ‘ಹಣ ಕಳುಹಿಸಿ’ ಅಂತ ಇತ್ತು. ನಿಮ್ಮಜ್ಜಿ ‘ರಿ’ ಇಲ್ಲದ ಯಾವಾಗರ ಮಾತಾಡ್ಯಾಳೇನು? ಕಳ್ಳರದ ಅಂತ ಬಿಟ್ನಿ.”

ನಂದಾ ಕುಣಿಯುವುದೊಂದು ಬಾಕಿ. “ಡಬ್ಬಿ ಮ್ಯಾಲ ಇದನ್ನ ಹಾಕ್ರಿ. ‘ರಿ’ ಇಲ್ಲದ ಮೆಸೇಜ್ ನಮ್ದಲ್ರಿ.”

“ಕಳ್ಳಗ ‘ರಿ’ ಕಲಿಯಾಕ ಎಷ್ಟೊತ್ತು ಬೇಕ್ರಿ?” ಬಸವಲಿಂಗ ನಕ್ಕ. “ಕೆಳಗ ಇನ್ನೊಂದು ಸಾಲು ಹಾಕ್ತೇನಿ. ಅನುಮಾನ ಬಂದ್ರ ಅಂಗಡಿಗೆ ಫೋನ್ ಮಾಡಿ ಕೇಳ್ರಿ.”

ಎರಡೂ ಸಾಲು ಅಚ್ಚಾದವು. ಹತ್ತನೆಯ ದಿನ ನಕಲಿ ಪೇಜ್ ಮಾಯವಾಯಿತು. ಮೊದಲ ಹೊಸ ಡಬ್ಬಿಯನ್ನು ಬಾಳವ್ವ ತಾನೇ ಅಂಕಲಗಿಯ ಬಾಣಂತಿಗೆ ಕೊಟ್ಟು ಬಂದಳು. ಬಂದವಳು ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಎಲ್ಲ ಸುಸೂತ್ರವಾಯಿತು, ಆದರೆ ಮೂಡಲಗಿಗೆ ಹೋಗಲು ನಂದಾಗೆ ನೆಪವೇ ಉಳಿಯಲಿಲ್ಲ. ಅವನ ನೆನಪು ಬಹಳ ಆಗುತ್ತಿತ್ತು. ಯಾರಿಗೆ ಹೇಳುವುದು?

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಡಬ್ಬಿ ತುಂಬುತ್ತಿದ್ದಾಗ ಅವನ ನಂಬರಿನಿಂದ ಮೆಸೇಜ್ ಬಂತು. ‘ನಂದಾ, ನಾಳೆ ಮನೀಗೆ ಬಾ. ಅವ್ವ ನಿನ್ನ ನೋಡಬೇಕಂತಾಳ.’

‘ಬರ್ರಿ’ ಇಲ್ಲ, ‘ನಿಮ್ಮನ್ನ’ ಇಲ್ಲ. ನಂದಾಗೆ ಅನುಮಾನ ಬಂತು. ಡಬ್ಬಿಯ ಮೇಲಿನ ಎರಡನೆಯ ಸಾಲು ನೆನಪಾಗಿ, ಪ್ರೆಸ್ಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದಳು.

“ನಿಮ್ಮ ವಾಟ್ಸಾಪ್ ಹ್ಯಾಕ್ ಆಗೇತ್ರಿ. ಯಾರೋ ನಿಮ್ಮ ಹೆಸರಿನ್ಯಾಗ ನನಗ ಮನೀಗೆ ಬಾ ಅಂತ ಬರ್ದಾರ.”

ಆ ಕಡೆ ಅಚ್ಚಿನ ಮಷಿನ್ ನಿಂತಿತು.

“ಹ್ಯಾಕ್ ಆಗಿಲ್ಲ,” ಎಂದ ಬಸವಲಿಂಗ. “ನಾನ ಬರ್ದೇನಿ. ಮುಂಜಾನಿಂದ ‘ರಿ’ ಹಚ್ಚೂದು, ಅಳಸೂದು, ಇದ ಮಾಡಾಕತ್ತೇನಿ.”

“ಕಡೀಕ ಯಾಕ ಅಳಸಿದ್ರಿ?”

“ಹಚ್ಚಿದ್ರ ನೀ ಗಿರಾಕಿ ಆಗೇ ಉಳೀತಿ. ನನಗ ನೀ ಮನ್ಯಾಕಿ ಆಗಬೇಕು. ನೀ ಅಂದ್ರ ನನಗ ಭಾಳ ಇಷ್ಟ, ನಂದಾ.”

ನಂದಾಳ ಕೆನ್ನೆ ಬಿಸಿಯಾಯಿತು. “ಅನುಮಾನ ಐತ್ರಿ. ಇನ್ನೊಮ್ಮೆ ಹೇಳ್ರಿ.”

ಅವನು ಇನ್ನೊಮ್ಮೆ ಹೇಳಿದ, ಈ ಸಲ ಇನ್ನೂ ನಿಧಾನವಾಗಿ.

ಡಬ್ಬಿಗೆ ಹಾಕಬೇಕಿದ್ದ ಕರದಂಟಿನ ತುಂಡನ್ನು ನಂದಾ ತನ್ನ ಬಾಯಿಗೇ ಹಾಕಿಕೊಂಡಳು. “ಬರ್ತೇನಿ,” ಎಂದಳು.

ಗಲ್ಲಾದಲ್ಲಿ ಕೂತ ಬಾಳವ್ವನ ಕಿವಿ ಬಲು ಚುರುಕು. “ಗಿರಾಕಿಗೆ ‘ರಿ’ ಹಚ್ಚೂದು ಮರತ್ಯೇನ ಹುಡುಗಿ?”

“ಗಿರಾಕಿ ಅಲ್ಲಬೇ ಆಯಿ,” ಎಂದಳು ನಂದಾ. “ನಮ್ಮಾಂವ.”