ಹಗೇವಿಗೆ ಇಳಿಯದವನು

ಫೆಬ್ರವರಿ ಹತ್ತನೇ ತಾರೀಖು ಬೆಳಗ್ಗೆ ಗುರುಗುಂಟಾದ ಮಾರೆಮ್ಮ ಲಿಂಗಸೂಗೂರು ಠಾಣೆಯ ಮೆಟ್ಟಿಲು ಹತ್ತಿದಳು. ಬಾಗಿಲ ಬಳಿ ಕೂತಿದ್ದ ಮಹಿಳಾ ಕಾನ್‌ಸ್ಟೆಬಲ್ ಅಮರೇಶ್ವರಿ ಬೆಂಚು ತೋರಿಸಿದರೂ ಆಕೆ ಕೂಡಲಿಲ್ಲ. ಮಗ ಕಳೆದುಹೋಗಿದ್ದಾನೆ, ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂದು ನಿಂತಲ್ಲೇ ಹೇಳಿದಳು.

ಮಗ ಪಕೀರಪ್ಪನಿಗೆ ಇಪ್ಪತ್ತಾರು ವರ್ಷ. ಮೈ ಬೆಳೆದಿತ್ತು, ಬುದ್ಧಿ ಸಣ್ಣ ಮಗುವಿನದಾಗಿಯೇ ಉಳಿದಿತ್ತು. ಅಕ್ಕ ಉಮಾದೇವಿಯ ಜೊತೆ ಸಿಂಧನೂರಿನ ಟೆಂಪೋದಲ್ಲಿ ಛತ್ತೀಸಗಡದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದ. ಅಲ್ಲಿ ನೆಲದಡಿಯ ಗವಿಗಳಿವೆ, ಒಳಗೆ ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಕಲ್ಲಿನ ಲಿಂಗಗಳಿವೆ ಎಂದು ಈ ಕಡೆಯ ಜನ ಈಚೆಗೆ ಹೋಗಿ ಬರುತ್ತಿದ್ದರು. ತಮ್ಮ ತನಗಿಂತ ಮುಂದೆ ಗವಿಗೆ ಇಳಿದು ಕತ್ತಲಲ್ಲಿ ತಪ್ಪಿಸಿಕೊಂಡ ಎಂದು ಉಮಾದೇವಿ ಅಲ್ಲಿನವರಿಗೆ ಹೇಳಿದ್ದಳು. ಅರಣ್ಯದವರು ನಾಲ್ಕು ದಿನದಿಂದ ಬ್ಯಾಟರಿ ಹಿಡಿದು ಗವಿಯ ಸಂದಿಗೊಂದಿಗಳಲ್ಲಿ ತೆವಳುತ್ತಿದ್ದರು. ಏನೂ ಸಿಕ್ಕಿರಲಿಲ್ಲ.

"ತಪ್ಪು ಜಾಗ ಅಂತ ನಿನಗ ಹೆಂಗ ಗೊತ್ತವ್ವ?" ಪಿಎಸ್‌ಐ ಸೂಗಪ್ಪ ಕೇಳಿದ.

"ಅಂವ ಹಗೇವಿಗೆ ಇಳಿಯಂಗಿಲ್ರೀ ಸಾಹೇಬ್ರ. ನೆಲದಾಗಿನ ತೂತಿಗೆ ನನ್ನ ಮಗ ಕಾಲು ಇಡಂಗಿಲ್ಲ."

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರ ಬಾಯಿ ತೆರೆದು ಒಳಗಿನ ವಿಷಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಪಕೀರಪ್ಪನ ಅಪ್ಪ ಒಮ್ಮೆ ಮಳೆ ಬರುವ ಅವಸರಕ್ಕೆ ಕಂದೀಲು ಬಿಡದೆ ಇಳಿದ. ಮೇಲೆ ಬರಲಿಲ್ಲ. ಬಾಯಿಯ ಅಂಚಿನಲ್ಲಿ ಕೂತು ಅಪ್ಪನನ್ನು ಕೂಗುತ್ತಿದ್ದವನು ಇದೇ ಪಕೀರಪ್ಪ. ಆಮೇಲೆ ಅವನು ಬಾವಿಯ ಮೆಟ್ಟಿಲನ್ನೂ ಇಳಿದವನಲ್ಲ.

ಸೂಗಪ್ಪ ಉದ್ಯಾನದ ಅಧಿಕಾರಿಗೆ ಫೋನು ಮಾಡಿದ. ಗವಿಯ ಬಾಯಿ ಇಕ್ಕಟ್ಟು, ಕಬ್ಬಿಣದ ಏಣಿ ಹಿಡಿದು ಒಬ್ಬೊಬ್ಬರೇ ಬಗ್ಗಿ ಇಳಿಯಬೇಕು ಎಂದ ಆತ. ಆ ಹುಡುಗ ಇಳಿದದ್ದನ್ನು ಕಂಡವರು ಯಾರು ಎಂದು ಸೂಗಪ್ಪ ಕೇಳಿದ. ಅಕ್ಕ ಹೇಳಿದ್ದಳು, ಅಳುತ್ತಿದ್ದಳು, ಬೇರೆ ಯಾರನ್ನೂ ಕೇಳಿರಲಿಲ್ಲ. ರಾತ್ರಿ ಅಲ್ಲಿ ಬಹಳ ಚಳಿ ಎಂದೂ ಅಧಿಕಾರಿ ಹೇಳಿದ.

ಎಫ್‌ಐಆರ್ ದಾಖಲಾಯಿತು. ನೆಲದೊಳಗೆ ಇಲ್ಲದಿದ್ದರೆ ಅವನು ನೆಲದ ಮೇಲೆಯೇ ಎಲ್ಲೋ ಇದ್ದಾನೆ. ಆ ಸೀಮೆಯ ಮಾತು ಅವನಿಗೆ ಬಾರದು, ತನ್ನ ಊರಿನ ಹೆಸರು ಹೇಳಲೂ ತಿಳಿಯದು. ನಾಲ್ಕು ರಾತ್ರಿ ಆಗಲೇ ಕಳೆದಿದ್ದವು. ಟೆಂಪೋದಲ್ಲಿ ಹೋಗಿದ್ದವರ ಹೆಸರು ಕೇಳಿಕೊಂಡು ಸೂಗಪ್ಪ ಮತ್ತು ಅಮರೇಶ್ವರಿ ಜೀಪಿನಲ್ಲಿ ಮಸ್ಕಿಯ ಕಡೆ ಹೊರಟರು.

ಮಸ್ಕಿಯ ಖಾತೂನ್‌ಬೀ ಕುಪ್ಪಸ ಹೊಲಿಯುವವಳು. ಟೆಂಪೋದಲ್ಲಿ ಅಕ್ಕ ತಮ್ಮನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪೊಲೀಸರನ್ನು ಕಂಡು ಮಿಷನ್ ನಿಲ್ಲಿಸಿದಳು.

"ದಾರಿಗುಂಟ ನನ್ನ ಶೇಂಗಾ ಉಂಡಿ ಎಲ್ಲಾ ಅಂವನ ತಿಂದ್ರಿ. ಖಾಲಾ, ಖಾಲಾ ಅಂತ ಚಿಗವ್ವನ ಕರದಂಗ ಕೈ ಚಾಚತಿದ್ದ," ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು.

"ಕಡೀಕ ಎಲ್ಲಿ ನೋಡಿದಿ?"

"ಗವಿ ಇನ್ನಾ ದೂರ ಇತ್ತು. ನಡುವ ಎಲ್ಲೋ ಗಾಡಿ ನಿಂತಾಗ ನಿದ್ದಿಗಣ್ಣಾಗ ನೋಡಿದೆ, ಆಕಿ ಅವನ ಕೈ ಹಿಡಕೊಂಡು ಹೋದ್ಳು. ಗಾಡಿ ಬಿಟ್ಟ ಮ್ಯಾಲ ಕೇಳಿದ್ರ, ಹಿಂದಿನ ಸೀಟಿನ್ಯಾಗ ಮಲಗ್ಯಾನ, ಎಬ್ಬಸಬ್ಯಾಡ್ರಿ, ಎದ್ರ ಗದ್ಲ ಮಾಡ್ತಾನ ಅಂದ್ಳು. ಗವಿ ಮುಟ್ಟಿದ ಮ್ಯಾಲ ಅಂವ ಮುಂದ ಇಳಿದ ಅಂತ ಅಳಾಕತ್ಲು."

"ಮಲಗಿದ್ದು ನೋಡಿದೇನು?"

ಖಾತೂನ್‌ಬೀ ಮಿಷನ್ನಿನ ಮೇಲಿನ ಬಟ್ಟೆ ಮಡಚಿಟ್ಟಳು. "ಕಂಬಳಿ ನೋಡೀನ್ರಿ," ಎಂದಳು.

ಟೆಂಪೋ ಓಡಿಸಿದ ಜಾಹೀದ್ ಸಿಂಧನೂರಿನ ಗಾಡಿ ಸ್ಟ್ಯಾಂಡಿನಲ್ಲಿ ಸಿಕ್ಕ. ಇಪ್ಪತ್ತು ಮಂದಿಯನ್ನು ಕರೆದೊಯ್ದು ಹತ್ತೊಂಬತ್ತು ಮಂದಿಯನ್ನು ತಂದವನೆಂದು ಸ್ಟ್ಯಾಂಡಿನವರು ಆಗಲೇ ಹಂಗಿಸತೊಡಗಿದ್ದರು. ಗವಿಗೆ ಹೋದ ದಿನ ಬೆಳಗ್ಗೆ ಮೂರು ಕಡೆ ಗಾಡಿ ನಿಲ್ಲಿಸಿದ್ದೆ ಎಂದ. ಡೀಸೆಲ್ ಹಾಕಿಸಲು ಒಂದು ಕಡೆ, ಒಂದು ದೇವಸ್ಥಾನದ ಮುಂದೆ, ಇನ್ನೊಂದು ಕಡೆ ಹುಣಸೆಮರಗಳ ಕೆಳಗೆ ಸಂತೆ ಕೂಡಿದ್ದ ಹಳ್ಳಿಯಲ್ಲಿ. ಎಲ್ಲಾ ಸೇರಿ ನೂರು ಕಿಲೋಮೀಟರಿನ ಕಾಡುದಾರಿ. ಯಾವ ಕಡೆ ಆಕೆ ತಮ್ಮನನ್ನು ಇಳಿಸಿದಳೋ ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಗುರುಗುಂಟಾಕ್ಕೆ ಹೋದಾಗ ಉಮಾದೇವಿ ಪಡಸಾಲೆಯಲ್ಲಿ ನಿದ್ದೆಯಲ್ಲಿದ್ದಳು. ಬಂದಾಗಿನಿಂದ ಹೀಗೇ ಬಿದ್ದಿದ್ದಾಳೆ, ದುಃಖಕ್ಕೆ ಎಚ್ಚರವೇ ಇಲ್ಲ ಎಂದರು ನೆರೆಯವರು. ಅಮರೇಶ್ವರಿ ಎರಡು ಸಲ ಭುಜ ಅಲುಗಿಸಬೇಕಾಯಿತು. ಸತ್ತವರಿಗಾಗಿ ಅತ್ತು ಸುಸ್ತಾದವರ ನಿದ್ದೆಯನ್ನು ಅವಳು ನೋಡಿದ್ದಳು. ಇದು ಅಂಥದ್ದಲ್ಲ, ವರ್ಷಗಟ್ಟಲೆಯ ಬಾಕಿ ನಿದ್ದೆ ಎನಿಸಿತು.

ಠಾಣೆಯಲ್ಲಿ ಸೂಗಪ್ಪ ವಿಚಾರಣೆ ಶುರುಮಾಡಿದಾಗ ಮೂರೂವರೆ.

"ತಮ್ಮ ಗವ್ಯಾಗ ಇಳಿದದ್ದು ನೀ ಕಣ್ಣಾರೆ ನೋಡಿದಿ?"

"ಹೂಂ ರೀ."

"ಅಂಜಲಿಲ್ಲ ಅಂವ?"

ಉಮಾದೇವಿ ಎಡಗೈಯ ಬಳೆಗಳನ್ನು ಮಣಿಕಟ್ಟಿಗೆ ಎಳೆದುಕೊಂಡಳು.

"ಬಾವಿ ಮೆಟ್ಟಲ ಇಳಿಯಲಾರದವ ಏಣಿ ಇಳಿದ. ಕೂಗ್ಲಿಲ್ಲ, ಅಳಲಿಲ್ಲ. ಇದನ್ನ ನಿಮ್ಮವ್ವ ನಂಬ್ತಾಳ?"

"ಅಪ್ಪನೂ ನೆಲದಾಗ ಹೋದ. ಇವನೂ ಹೋದ ಅಂತ ತಿಳಕೊತಾಳ ಅಂದುಕೊಂಡಿದ್ದೆ," ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿ ತಲೆ ತಗ್ಗಿಸಿದಳು. ಮುಂದೆ ಏನು ಕೇಳಿದರೂ ಗೊತ್ತಿಲ್ಲ ಎಂದಷ್ಟೇ ಅಂದಳು. ಕಿಟಕಿಯ ಬಿಸಿಲು ಮೇಜಿನಿಂದ ಗೋಡೆಗೆ ಸರಿಯಿತು. ಇನ್ನೊಂದು ಚಳಿಯ ರಾತ್ರಿ ಹತ್ತಿರವಾಗುತ್ತಿತ್ತು. ಸೂಗಪ್ಪ ಎದ್ದು ಹೊರಗೆ ಹೋದ.

ಅಮರೇಶ್ವರಿ ನೀರು ಕೊಟ್ಟಳು. ಲೋಟ ಎತ್ತಿದಾಗ ಉಮಾದೇವಿಯ ಬಳೆಗಳು ಕೆಳಗೆ ಜಾರಿದವು. ಎಡಗೈ ಮಣಿಕಟ್ಟಿನ ಸುತ್ತ ಕಪ್ಪಗೆ ಗಟ್ಟಿಗಟ್ಟಿದ ಚರ್ಮ, ಎತ್ತಿನ ಹೆಗಲಿಗೆ ಬೀಳುವಂಥದ್ದು.

"ಇದೇನಕ್ಕ?"

ಉಮಾದೇವಿ ಲೋಟ ಕೆಳಗಿಟ್ಟು ಆ ಕೈಯನ್ನು ನೋಡಿದಳು. "ಹಗ್ಗದ್ದು," ಎಂದಳು. "ರಾತ್ರಿ ಎದ್ದು ರೋಡಿಗೆ ಓಡ್ತಾನ. ಅದಕ್ಕ ಅವನ ಕೈಗೆ ನನ್ನ ಕೈಗೆ ಕಟ್ಟಿಕೊಂಡು ಮಲಗತೀನಿ. ಅಪ್ಪ ಹೋದಾಗಿಂದ."

"ಈಗ ಅಂವ ಎಲ್ಲಿ ಅದಾನಕ್ಕ? ರಾತ್ರಿ ಆಗಾಕತ್ತೈತಿ."

"ಸಂತ್ಯಾಗ. ಹುಣಸಿಗಿಡದ ಬುಡಕ. ಇಲ್ಲೇ ಕೂಡು, ಬರತೀನಿ ಅಂದೆ."

ಜಾಹೀದ್ ಹೇಳಿದ ದಾರಿಯ ಗುರುತಿನ ಮೇಲೆ ಸೂಗಪ್ಪ ಛತ್ತೀಸಗಡದ ಠಾಣೆಗೆ ಫೋನು ಮಾಡಿದ. ಒಂದು ಗಂಟೆಯ ಮೇಲೆ ಅಲ್ಲಿಂದ ವಿಡಿಯೋ ಕಾಲ್ ಬಂತು. ಸಂತೆ ಎಂದೋ ಮುಗಿದಿತ್ತು. ಬಯಲಲ್ಲಿ ಹುಣಸೆಮರದ ಬೇರಿಗೆ ಒರಗಿ, ಯಾರೋ ಹೊದಿಸಿದ ಗೋಣಿಚೀಲ ಹೊದ್ದು ಪಕೀರಪ್ಪ ಕೂತಿದ್ದ. ತುಟಿ ಒಡೆದಿದ್ದವು, ಕಣ್ಣು ಜ್ವರದಿಂದ ಕೆಂಪಾಗಿದ್ದವು. ಹಳ್ಳಿಯ ಹೆಂಗಸರು ಗಂಜಿ ಕೊಟ್ಟು ಉಳಿಸಿದ್ದರು. ಹುಚ್ಚನೆಂದು ತಿಳಿದು ಅಲ್ಲೇ ಇರಗೊಟ್ಟಿದ್ದರು. ಎಬ್ಬಿಸಲು ಹೋದವರನ್ನೆಲ್ಲ ಅವನು ಕಚ್ಚುತ್ತಿದ್ದ. ಆಗಲೂ ಇಬ್ಬರು ಪೊಲೀಸರು ತೋಳಿಗೆ ಕೈ ಹಾಕಿದೊಡನೆ ಬೇರನ್ನು ಅವಚಿಕೊಂಡ.

ಸೂಗಪ್ಪ ಫೋನನ್ನು ಉಮಾದೇವಿಯ ಮುಖದ ಮುಂದೆ ಹಿಡಿದ. ಆಕೆ ಮುಖ ತಿರುಗಿಸಿದಳು. ಅಮರೇಶ್ವರಿ ಅವಳ ಬೆನ್ನಿಗೆ ಕೈಯಿಟ್ಟಳು.

"ಪಕೀರಾ, ಏಳೋ," ಎಂದಳು ಉಮಾದೇವಿ.

ಪರದೆಯಲ್ಲಿ ಅವನು ಅತ್ತಿತ್ತ ಹುಡುಕಿದ. "ಇಲ್ಲೇ ಕೂಡು ಅಂದಿದ್ದಿ."

"ಹೌದು. ನಾನ ಅಂದಿದ್ದೆ. ಈಗ ಏಳು ಅನ್ನಾಕತ್ತೀನಿ."

"ನೀ ಬಾ."

"ನಾ ಬರಂಗಿಲ್ಲ. ಅವ್ವ ಬರತಾಳ. ಅವ್ರ ಜೋಡಿ ಹೋಗು."

ಅವನು ಗೋಣಿಚೀಲ ಕೊಡವಿ, ಮರ ಹಿಡಿದು, ನಿಧಾನವಾಗಿ ಎದ್ದು ನಿಂತ.

ಸಂಜೆ ಆರು ಗಂಟೆಗೆ ಉಮಾದೇವಿಯ ಬಂಧನವಾಯಿತು. ಅಸಹಾಯಕನನ್ನು ಪರಸ್ಥಳದಲ್ಲಿ ಬಿಟ್ಟು ಬಂದದ್ದು, ಸುಳ್ಳು ಹೇಳಿ ಹುಡುಕಾಟದ ದಾರಿ ತಪ್ಪಿಸಿದ್ದು. ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಅಮರೇಶ್ವರಿಯೇ ಬರೆದುಕೊಂಡಳು. ಮೊದಲೇ ಯೋಚಿಸಿ ಮಾಡಿದ್ದಲ್ಲ. ಸಂತೆಯ ಗರ್ದಿಯಲ್ಲಿ ಎಲ್ಲಿ ಹೋಗಿಬಿಡುತ್ತಾನೋ ಎಂದು ಅಲ್ಲಿಯೂ ಹಗ್ಗ ಕಟ್ಟಿಕೊಂಡಿದ್ದಳು. ಅವನನ್ನು ಕೂಡಿಸಿ, ಹಗ್ಗ ಬಿಚ್ಚಿ, ಎರಡು ಅಂಗಡಿ ದಾಟಿ ಬಳೆ ನೋಡಲು ಹೋದಳು. ನಡೆಯುವಾಗ ಕೈ ಹಗುರವಾಗಿತ್ತು. ತಿರುಗಿ ಹೋಗಿ ಮತ್ತೆ ಕಟ್ಟಿಕೊಳ್ಳಲು ಆಗಲಿಲ್ಲ, ಅಷ್ಟೇ.

ಮಗನನ್ನು ಕರೆತರಲು ಮಾರೆಮ್ಮ ಒಬ್ಬ ಪೇದೆಯ ಜೊತೆ ಅಂದೇ ಹೊರಡಬೇಕಿತ್ತು. ಬರೆಸಿದ್ದನ್ನು ಅಳಿಸಿಬಿಡ್ರಿ ಎಂದು ಸೂಗಪ್ಪನ ಕಾಲಿಗೆ ಬಿದ್ದಳು. ಅದು ಆಗುವುದಿಲ್ಲ ಎಂದು ಅವನು ಹೇಳಿದ. ಆಕೆ ಎದ್ದು ಮಗಳಿದ್ದ ಕೋಣೆಯ ಬಾಗಿಲಿಗೆ ಬಂದಳು. ಬಯ್ಯುತ್ತಾಳೆಂದು ಅಮರೇಶ್ವರಿ ನಡುವೆ ನಿಂತಳು. ಮಾರೆಮ್ಮ ಬಯ್ಯಲಿಲ್ಲ.

"ಹಗ್ಗ ಎಷ್ಟು ಉದ್ದ ಬಿಡ್ತಿದ್ದಿ ಯವ್ವಾ?" ಎಂದು ತನ್ನ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡು ಕೇಳಿದಳು.

"ಎರಡು ಮೊಳ," ಎಂದಳು ಉಮಾದೇವಿ. "ಅದಕ್ಕಿಂತ ಕಮ್ಮಿ ಆದ್ರ ಅಳತಾನ."