ಒಸಾಕಾದಿಂದ ಬಂದ ಪೆಟ್ಟಿಗೆ

ಮೇಜಿನ ಮೇಲೆ ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ ಯಂತ್ರ ಇರಲಿಲ್ಲ.

ಕಾರ್ಕ್ ನಗರದ ಆ ಕಾಲೇಜಿನಲ್ಲಿ ಸಂಜೆ ಸನ್ಮಾನ. ಹೃದಯದ ಕ್ಷೀಣ ಮಿಡಿತವನ್ನೂ ಹಿಡಿದು ಪರದೆಯ ಮೇಲೆ ತೋರಿಸುವ ಸರ್ಕ್ಯೂಟ್ ಕಟ್ಟಿದ ಜಪಾನಿನ ಮೂವರು ಎಂಜಿನಿಯರುಗಳಿಗೆ ಪದಕ. ಇಬ್ಬರು ತೀರಿಹೋಗಿದ್ದರು. ಉಳಿದ ಮೊರಿಶಿಮಾ ಒಬ್ಬರೇ ಬಂದಿದ್ದರು, ಮೂವರೂ ಸೇರಿ ಕಟ್ಟಿದ ಮೊದಲ ಯಂತ್ರವನ್ನು ಹೊತ್ತುಕೊಂಡು. ವೇದಿಕೆಯ ಮೇಲೆ ಅದನ್ನು ಆನ್ ಮಾಡಿ ತೋರಿಸಬೇಕಿತ್ತು.

ದೂರು ಕೇಳಿ ಠಾಣೆಯಿಂದ ಬಂದವಳು ವಿನೋದಿನಿ. ತುಮಕೂರಿನವಳು, ಈಗ ಇಲ್ಲಿನ ಪೊಲೀಸ್, ಅಂದರೆ ಗಾರ್ಡಾ. ಊರಿನವರು ಅವಳನ್ನು ಬರೀ 'ಗಾರ್ಡ್' ಎನ್ನುತ್ತಾರೆ, ಹೇಗಿದ್ದೀರಿ ಎಂದರೆ 'ಗ್ರ್ಯಾಂಡ್', ಅಂದರೆ ಚೆನ್ನಾಗಿದ್ದೇನೆ, ಎಂದು ಮುಂದೆ ಹೋಗುತ್ತಾರೆ. ಕಾರ್ಕ್‌ನಲ್ಲಿ ಅವಳಿಗೆ ಕನ್ನಡ ಮಾತಾಡಲು ಸಿಕ್ಕವನು ಒಬ್ಬನೇ, ಇದೇ ಕಾಲೇಜಿನ ಲ್ಯಾಬ್ ಎಂಜಿನಿಯರ್ ತರುಣ್. ವಾರಕ್ಕೊಮ್ಮೆ ಅವನ ಜೊತೆ ಹರಟೆ. ಉಳಿದಂತೆ ಡ್ಯೂಟಿ, ಬಸ್ಸು, ಬಾಡಿಗೆ ಕೋಣೆಯ ನಾಲ್ಕು ಗೋಡೆ. ಒಂಟಿತನ ಅವಳನ್ನು ನಿಜಕ್ಕೂ ತಿನ್ನುತ್ತಿತ್ತು.

ಬಾಗಿಲಲ್ಲೇ ನಿಂತಿದ್ದ ತರುಣ್, "ಅಕ್ಕ, ನೀವೇ ಬಂದ್ರಾ," ಎಂದ. ಮುಖ ಬಿಳಿಚಿಕೊಂಡಿತ್ತು.

ಕಾಲೇಜಿನ ಮ್ಯಾನೇಜರ್ ಆಗಲೇ ಕಳ್ಳಿಯನ್ನು ಹಿಡಿದಾಗಿತ್ತು. ಮಧ್ಯಾಹ್ನ ಆ ಕೋಣೆಗೆ ಹೋದವರು ಮೊರಿಶಿಮಾ, ತರುಣ್ ಮತ್ತು ಕ್ಲೀನಿಂಗ್ ಕೆಲಸದ ನೋರಾ. ನೋರಾ ಕಸದ ಚೀಲ ಹೊತ್ತು ಹೋಗಿದ್ದನ್ನು ಎಲ್ಲರೂ ನೋಡಿದ್ದರು. ಕಸ ಗುಡಿಸುವವಳು ಕಸದ ಚೀಲ ಹೊರದೆ ಇನ್ನೇನು ಹೊರಬೇಕು, ಪಾಪ. ಸಂಜೆಯೊಳಗೆ ಯಂತ್ರ ಸಿಗದಿದ್ದರೆ ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿಯೂ ಆಗಿತ್ತು. ಮನೆಯಲ್ಲಿ ಯಾರೂ ಇಲ್ಲ, ನಾಲ್ಕು ಜನರ ಮುಖ ನೋಡುವುದು ಇಲ್ಲಿಗೆ ಬಂದಾಗಲೇ ಎಂದು ನೋರಾ ಕಣ್ಣೊರೆಸಿಕೊಂಡಳು.

*

ಕೋಣೆಯಲ್ಲಿ ಸುಟ್ಟ ವೈರಿನ ವಾಸನೆ ಸಣ್ಣಗೆ ಉಳಿದಿತ್ತು. ಮೇಜಿನ ಕೆಳಗೆ ಇನ್ನೊಂದು ಡಬ್ಬ. ಅದರೊಳಗೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಅಂಟಿಸಿದ ಟೇಪು ಯಾರೂ ಬಿಚ್ಚಿರಲಿಲ್ಲ. ಜಪಾನಿನ ಕರೆಂಟು ನೂರು ವೋಲ್ಟ್, ಇಲ್ಲಿಯದು ಇನ್ನೂರ ಮೂವತ್ತು, ಇದಿಲ್ಲದೆ ಯಂತ್ರಕ್ಕೆ ಕರೆಂಟು ಕೊಡುವಂತಿಲ್ಲ ಎಂದು ಮೊರಿಶಿಮಾ ತಿಳಿಸಿದರು.

ಗೋಡೆಯ ಸಾಕೆಟ್ಟಿನ ಸ್ವಿಚ್ಚು ಆಫ್ ಆಗಿತ್ತು. ಮುಟ್ಟಿದ್ದೀರಾ ಎಂದು ವಿನೋದಿನಿ ಕೇಳಿದಳು. ಇಲ್ಲ ಎಂದು ಮುದುಕರು ನಾಚಿದರು. ಜಪಾನಿನ ಸಾಕೆಟ್ಟುಗಳಿಗೆ ಸ್ವಿಚ್ಚೇ ಇರುವುದಿಲ್ಲವಂತೆ. ಬೆಳಿಗ್ಗೆ ಸ್ವಿಚ್ಚು ಹಾಕದೆಯೇ ಕೆಟಲ್ ಕೆಟ್ಟಿದೆ ಎಂದು ಹೋಟೆಲಿನವರಿಗೆ ದೂರು ಕೊಟ್ಟು ನಗೆಪಾಟಲಾಗಿದ್ದರಂತೆ. ಆಮೇಲೆ ಮೆಲ್ಲಗೆ, ಪದಕ ಇಲ್ಲದಿದ್ದರೂ ಪರವಾಗಿಲ್ಲ, ಗೆಳೆಯರಿಬ್ಬರ ಕೈಕೆಲಸ ಅಂತ ಉಳಿದಿರುವುದು ಅದೊಂದೇ ಎಂದರು.

ಕಾರಿಡಾರಿಗೆ ಬಂದಳು. ನೋರಾ ವ್ಯಾಕ್ಯೂಮ್ ಹಾಕಿದ್ದ ಸಾಕೆಟ್ಟುಗಳೆಲ್ಲ ಆನ್ ಆಗಿಯೇ ಇದ್ದವು. ವೈರು ಹಿಡಿದು ಎಳೆದುಬಿಡುತ್ತೇನೆ, ಸ್ವಿಚ್ಚಿನ ತಂಟೆಗೆ ಹೋಗುವುದಿಲ್ಲ ಎಂದಳು ನೋರಾ.

ಉತ್ತರ ಸಿಕ್ಕಿತ್ತು. ಅದು ವಿನೋದಿನಿಗೆ ಬೇಡವಾಗಿತ್ತು.

*

ಎಲ್ಲರನ್ನೂ ಕೋಣೆಗೆ ಕರೆಸಿದಳು. ಮೊದಲು ಕನ್ನಡದಲ್ಲೇ ಕೇಳಿದಳು.

"ತರುಣ್, ಎಲ್ಲಿಟ್ಟಿದ್ದೀಯ?"

"ಏನಕ್ಕ?"

"ಕದಿಯೋನು ಕದ್ದು ಹೋಗ್ತಾನೆ, ಆನ್ ಮಾಡಿ ನೋಡಲ್ಲ. ಇದನ್ನ ಯಾರೋ ಟ್ರಾನ್ಸ್‌ಫಾರ್ಮರ್ ಇಲ್ದೆ ಆನ್ ಮಾಡಿ ಸುಟ್ಟಿದ್ದಾರೆ. ಮೊರಿಶಿಮಾ ಅವ್ರು ಆ ತಪ್ಪು ಮಾಡಲ್ಲ. ಆಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿದ್ದಾರೆ. ನೋರಾ ಸ್ವಿಚ್ ಮುಟ್ಟಲ್ಲ, ಇವ್ರಿಗೆ ಸ್ವಿಚ್ಚಿನ ಅಭ್ಯಾಸಾನೇ ಇಲ್ಲ. ಆಫ್ ಮಾಡದೆ ಪ್ಲಗ್ ಕಿತ್ರೆ ಮನೇಲಿ ಬೈಸ್ಕೊಂಡು ಬೆಳೆದೋನು ಈ ಮೂವರಲ್ಲಿ ನೀನೊಬ್ಬನೇ. ನನಗೂ ಅದೇ ಅಭ್ಯಾಸ, ಅದಕ್ಕೇ ಗೊತ್ತಾಯ್ತು."

ತರುಣ್ ಕುರ್ಚಿ ಎಳೆದುಕೊಂಡು ಕೂತ. ಸಮಾರಂಭಕ್ಕೆ ಮುಂಚೆ ಒಮ್ಮೆ ನೋಡೋಣ ಎಂದು ಜೇಬಿನಲ್ಲಿದ್ದ ಟ್ರಾವೆಲ್ ಅಡಾಪ್ಟರ್ ಸಿಕ್ಕಿಸಿದ್ದನಂತೆ. ಪಿನ್ನು ಸರಿಹೊಂದಿತು, ವೋಲ್ಟೇಜು ತಲೆಗೆ ಬರಲಿಲ್ಲ. ಹುಟ್ಟಿದೂರಿನಲ್ಲೂ ಇಲ್ಲೂ ಒಂದೇ ಕರೆಂಟು ಕಂಡವನು. ಹೊಗೆ ಎದ್ದಿತು. ಯಂತ್ರವನ್ನು ಲ್ಯಾಬಿನ ಗುಜರಿ ಕಪಾಟಿನಲ್ಲಿ ತುರುಕಿದ್ದ.

"ಕೆಲಸ ಹೋದ್ರೆ ವೀಸಾನೂ ಹೋಗತ್ತಕ್ಕ. ನೋರಾ ಮೇಲೆ ಬರತ್ತೆ ಅಂದ್ಕೊಂಡಿರ್ಲಿಲ್ಲ."

"ಬಂದ ಮೇಲೂ ಸುಮ್ನಿದ್ಯಲ್ಲ."

ವಿನೋದಿನಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಇನ್ನೂ ಕಷ್ಟವಾಯಿತು.

ಯಂತ್ರ ತಂದರು. ಮೊರಿಶಿಮಾ ಮುಚ್ಚಳ ಬಿಚ್ಚಿ ಬಹಳ ಹೊತ್ತು ಬಗ್ಗಿ ನೋಡಿದರು. ಸುಟ್ಟಿದ್ದು ಕರೆಂಟು ಒಳಗೆ ಬರುವ ಭಾಗ ಮಾತ್ರ, ಅದು ತಾನು ಮಾಡಿದ್ದು, ಗೆಳೆಯರ ಕೆಲಸ ಹಾಗೇ ಇದೆ ಎಂದರು.

*

ಸನ್ಮಾನ ನಡೆಯಿತು. ಮ್ಯಾನೇಜರ್ ನೋರಾಳ ಕ್ಷಮೆ ಕೇಳಿದ, ಚಾವಣಿ ನೋಡಿಕೊಂಡು. ತರುಣ್‌ಗೆ ಸದ್ಯ ಕೆಲಸಕ್ಕೆ ಬರಬೇಡ ಎಂದಿದ್ದರು. ಮುಂದಿನದು ವಿಚಾರಣೆ ಆದಮೇಲೆ.

ಚಪ್ಪಾಳೆ ಮೆಟ್ಟಿಲವರೆಗೂ ಕೇಳುತ್ತಿತ್ತು. ತರುಣ್ ಅಲ್ಲಿ ಒಬ್ಬನೇ ಕೂತಿದ್ದ. ವಿನೋದಿನಿ ಹತ್ತಿರ ಹೋದಳು.

"ಏನಾದ್ರೂ ತಿಂದ್ಯೇನೋ?"

ಅವನು ತಲೆ ಎತ್ತಲಿಲ್ಲ.

"ಐ ಆಮ್ ಗ್ರ್ಯಾಂಡ್, ಗಾರ್ಡ್," ಎಂದ.