ಖರೇ ಅಳು

ನಮ್ಮವರು ನನ್ನನ್ನು ಮೊದಲ ಸಲ ಕಣ್ತುಂಬ ನೋಡಿದ್ದು ನಾನು ಸುಳ್ಳು ಹೇಳುವಾಗ.

ಮದುವೆಯಾಗಿ ಮೆಹಕರಕ್ಕೆ ಬಂದ ಹೊಸತು. ನೇವಿಯಿಂದ ರಜೆಯ ಮೇಲೆ ಬಂದಿದ್ದ ಗಂಡನಿಗೆ ಕದ್ದು ಕೆನೆಮೊಸರು ಕೊಟ್ಟಿದ್ದೆ. ಅತ್ತೆ ಗುರಮ್ಮ ಗಡಿಗೆ ಬಗ್ಗಿಸಿ ನೋಡಿ, "ಕೆನಿ ಎಲ್ಲಿಗಿ ಹೋಯ್ತ ಶಿವಕಾಂತಾ?" ಎಂದರು.

"ಬೆಕ್ಕ ತಿಂತರಿ ಅತ್ತಿ" ಎಂದೆ. ಅಷ್ಟೆ, ತುಟಿ ನಡುಗಿ ನಗು ಬಂದುಬಿಟ್ಟಿತು. ಆ ಬೆಕ್ಕು ಕಂಬಕ್ಕೆ ಒರಗಿ ಕುಳಿತು, ತುಟಿಗೆ ಹತ್ತಿದ ಕೆನೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿತ್ತು.

ಸಂಜೆ ಹಿತ್ತಲಲ್ಲಿ ನಮ್ಮವರು ಸೆರಗು ಹಿಡಿದು ನಿಲ್ಲಿಸಿದರು.

"ಏ ಹುಡುಗಿ, ಸುಳ್ಳ ಹೇಳ್ಲಾಕ ನಿನಗ ಯಾರೂ ಕಲಿಸಿಲ್ಲೇನ?"

"ನೀವೇ ಕಲಸ್ರಿ. ಮುಂಬೈ ನೋಡಿ ಬಂದೋರು."

"ಬ್ಯಾಡ, ಹಿಂಗೇ ಇರು. ಬಾಯ್ಲರಿಗಿ ಕಲ್ಲಿದ್ದಲಿ ಹಾಕುವಾಗ ಈ ಮಾರಿನೇ ನೆನಸ್ತೇನಿ."

"ಮೈಮ್ಯಾಲ ಖಬರ ಇರ್ಲಿರಿ. ಕೈ ಸುಟ್ಟಗೊಂಡೀರಿ."

ಅವರು ನಕ್ಕರು. ಆ ನಗುವಿಗೆ ನಾನು ಸೋತೆ. ಸೋತವಳು ಮತ್ತೆ ಏಳಲೇ ಇಲ್ಲ ಎನ್ನಿ.

ಮರುವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಗಂಡ ಹಿಂದೂಸ್ತಾನದ ಜಹಾಜಿನಲ್ಲಿ, ಹೆಂಡತಿ ನಿಜಾಮನ ಊರಿನಲ್ಲಿ. ರಜಾಕಾರರು ಬಂದೂಕು ಹಿಡಿದು ಊರೂರು ತಿರುಗುತ್ತಿದ್ದರು. ಹಿಂದೂಸ್ತಾನದ ನೌಕರಿಯಲ್ಲಿರುವವರ ಮನೆ ಹುಡುಕುತ್ತಿದ್ದಾರಂತೆ, ಔರಾದ ಕಡೆ ಒಂದು ಮನೆ ಸುಟ್ಟರಂತೆ ಎಂದು ಸುದ್ದಿ ಬರುತ್ತಿತ್ತು.

ಒಂದು ಬೆಳಿಗ್ಗೆ ಖಾಸಿಂ ಅಲಿ ಬಂದ, ಆ ತಿಂಗಳಲ್ಲಿ ಎರಡನೇ ಸಲ. ಗಡಿಯಾಚೆ ಮುಂಬೈತನಕ ಹೋಗಿ ಬಟ್ಟೆ ತಂದು ಮಾರುವವನು, ನಮ್ಮವರ ಬಾಲ್ಯದ ಗೆಳೆಯ. ದನದ ಕೊಟ್ಟಿಗೆಯಲ್ಲಿ ಮಾವನ ಜೊತೆ ಏನೋ ಪಿಸುಗುಟ್ಟಿ ಹೋದ. ಮಾವ ಮಡೆಪ್ಪನವರು ರುಮಾಲು ತೆಗೆದು ಅಂಗಳದ ನಡುವೆ ಕುಳಿತುಬಿಟ್ಟರು.

"ಮಗ ಸಮುದ್ರದ ಪಾಲಾದ" ಎಂದರು.

ನಾನು ಹೇಗೆ ಅತ್ತೆನೆಂದು ಹೇಳಲಾರೆ. ಹೊಟ್ಟೆಯೊಳಗಿನದೆಲ್ಲ ಕಿತ್ತು ಬರುವ ಹಾಗೆ ಅತ್ತೆ. ಓಣಿಯ ಹೆಂಗಸರು ಬಂದು ಹಸಿರು ಬಳೆ ಒಡೆದರು, ತಾಳಿ ತೆಗೆದರು. ಅದೇ ವಾರ ರಜಾಕಾರರೂ ಬಂದರು. ಮಾವ ನನ್ನನ್ನು ಹೊರಗೆ ಕರೆದು, "ನೋಡ್ರಿ ಸಾಬ, ಸೊಸಿ ಕೈ ನೋಡ್ರಿ" ಎಂದರು. ಬರಿಗೈಯಲ್ಲಿ ಮುಖ ಮುಚ್ಚಿಕೊಂಡು ನಾನು ಅಳುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು. ಮನೆ ಉಳಿಯಿತು.

ನಾನು ಉಳಿಯುವಂತಿರಲಿಲ್ಲ. ಒಂದು ಮಧ್ಯಾಹ್ನ ಬಾವಿಯ ದಂಡೆಗೆ ಹೋಗಿ ನಿಂತಿದ್ದೆ. ಮಾವ ಓಡಿ ಬಂದು ರಟ್ಟೆ ಹಿಡಿದು ಎಳೆದರು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡು ನನ್ನನ್ನು ಮನೆಗೆ ಕರೆತಂದರು.

ನಲವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಫೌಜು ಬಂದು ಪೊಲೀಸ್ ಆ್ಯಕ್ಷನ್ ಆಯಿತು. ರಜಾಕಾರರು ಓಡಿಹೋದರು. ಅವರ ಪಾಪಕ್ಕೆ ಏನೂ ಮಾಡದ ಮುಸಲ್ಮಾನರು ತಲೆ ಕೊಟ್ಟರು. ಆ ಗದ್ದಲದಲ್ಲಿ ಖಾಸಿಂ ಅಲಿಯನ್ನೂ ಕೊಂದರು. ಅವನ ಹೆಂಡತಿ ಚಾಂದಬೀ ಮಕ್ಕಳನ್ನು ಕಟ್ಟಿಕೊಂಡು ಬೀದರ ಸೇರಿದಳು.

ಜೋಳ ತೆನೆ ಬಿಟ್ಟಾಗ ನಮ್ಮವರು ಬಂದರು. ಹೆಗಲ ಮೇಲೆ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದರು. ನಾನು ಕೊಡ ಕೈಬಿಟ್ಟು ಚೀರಿದೆ. ಅತ್ತೆ ಚೀರಲಿಲ್ಲ. "ಬಂದ್ಯಾ ನನ್ನಪ್ಪಾ" ಎಂದು ಕಾಲಿಗೆ ನೀರು ತಂದರು. ಸತ್ತ ಮಗ ಎದ್ದು ಬಂದರೆ ಯಾವ ತಾಯಿ ತಂಬಿಗೆ ಹುಡುಕುತ್ತಾಳೆ? ನನ್ನೊಬ್ಬಳನ್ನು ಬಿಟ್ಟು ಈ ಮನೆಗೆಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು.

"ಯಾರದಿದು ಮಾತು?" ಎಂದೆ.

ನಮ್ಮವರು ತಂದೆಯ ಮುಖ ನೋಡಿದರು. ಮಾವ ಮಗನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿ ಹೇಳಿದರು: "ನಂದೇ ಅವ್ವಾ. ನಿನಗ ಹೇಳಿದ್ರ ನಿನ್ನ ಮಾರಿ ಎಲ್ಲಾ ಹೇಳಿಬಿಡ್ತಿತ್ತ. ನೀ ಖರೇ ಅತ್ತಿ ಅಂತ ಮನಿ ಉಳೀತ."

"ನಿಮಗ ಗೊತ್ತಿತ್ತೇನ್ರಿ?" ಎಂದು ಗಂಡನನ್ನು ಕೇಳಿದೆ.

"ನಾ ಸಮುದ್ರದಾಗ ಇದ್ದೆ. ನನಗ ಹ್ಯಾಂಗ ಗೊತ್ತ ಇರ್ತದ?" ಎಂದರು. ಅವರ ತುಟಿ ಅಲುಗಲಿಲ್ಲ. ನಾನು ನಂಬಿದೆ.

ಮರುದಿನ ಮುಂಬೈಯಿಂದ ತಂದ ಬಳೆ ತೆಗೆದು, ನನ್ನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಏರಿಸಿದರು.

"ಸಡ್ಲ ಆಗ್ತಾವ್ರಿ."

"ಕೈ ಕಡ್ಡಿ ಮಾಡ್ಕೊಂಡೀದಿ. ಯಾರ ಸಲುವಾಗಿ?"

"ಯಾರೋ ಒಬ್ಬ ಸತ್ತಿದ್ದರಿ."

"ಅವಾ ಹೋಗ್ಲಿ ಬಿಡು. ಇವನ್ನ ನೋಡು."

ನೋಡಿದೆ. ಅಳುತ್ತಲೇ ನಕ್ಕೆ. ಇದ್ದ ಪ್ರೀತಿಯನ್ನೆಲ್ಲ ಗಂಡನಿಗೆ ಕೊಟ್ಟೆ, ಇದ್ದ ಸಿಟ್ಟನ್ನೆಲ್ಲ ಮಾವನಿಗೆ ಕೊಟ್ಟೆ. ಅವರು ಬದುಕಿರುವವರೆಗೂ ಅವರೊಡನೆ ಮಾತಾಡಲಿಲ್ಲ. ಊಟ ಬಡಿಸಲು ಮೊದಲು ಅತ್ತೆ, ಆಮೇಲೆ ಮಕ್ಕಳು. ಮಾವ ಒಂದು ದಿನವೂ ಬೇಸರ ತೋರಿಸಲಿಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, "ಶಿವಕಾಂತಾ, ನಿನ್ನ ಕೈಲಿಂದ ಒಂದ ಗುಟುಕ ನೀರ ಕೊಡವ್ವಾ" ಎಂದು ಕೂಗಿದರು. ನಾನು ಒಲೆಯ ಮುಂದಿನಿಂದ ಏಳಲಿಲ್ಲ. ನನ್ನ ಮಗಳು ಸುಮಿತ್ರಾಬಾಯಿ ನೀರು ಒಯ್ದಳು. ಬಾಯಿಗೆ ಹಿಡಿಯುವಷ್ಟರಲ್ಲಿ ಜೀವ ಹೋಗಿತ್ತು.

ನಮ್ಮವರು ನೇವಿ ಬಿಟ್ಟು ಬಂದು ತೊಗರಿ, ಜೋಳ ಬೆಳೆದರು. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರನ್ನು ಊರು 'ಕ್ಯಾಪ್ಟನ್ ಸಾಬ' ಎಂದು ಕರೆಯಿತು. ಅವರು ಎತ್ತಿನ ದಾವಣಿ ಹಗ್ಗಕ್ಕೆ ಹಾಕಿದ ಜಹಾಜಿನ ಗಂಟನ್ನು ಆಳುಗಳಿಗೆ ಬಿಚ್ಚಲು ಬರುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸಿದರು. ನನಗೆ ಜ್ವರ ಬಂದರೆ ತಾವೇ ರೊಟ್ಟಿ ತಟ್ಟಿ, ನಕಾಶೆಯಂಥ ಅದನ್ನು ತುತ್ತು ಮಾಡಿ ತಿನ್ನಿಸಿದರು. ಅವರಂಥ ಗಂಡ ಸಿಗಬೇಕಾದರೆ ಪುಣ್ಯ ಬೇಕು ಎಂದು ಓಣಿಯೆಲ್ಲ ಹೇಳುತ್ತಿತ್ತು. ಮೊನ್ನೆಯವರೆಗೆ ನಾನೂ ಹೇಳುತ್ತಿದ್ದೆ.

ಮೊನ್ನೆ ಸೆಪ್ಟೆಂಬರ್ ಹದಿನೇಳು, ನಮ್ಮ ಭಾಗದ ವಿಮೋಚನೆಯ ದಿನ. ಭಾಲ್ಕಿಯ ಒಂದು ಶಾಲೆಯಲ್ಲಿ ತೊಂಬತ್ತು ದಾಟಿದ ನಮ್ಮವರಿಗೆ ಸನ್ಮಾನ. ಶಾಲು ಹೊದಿಸಿ ಮೈಕು ಕೊಟ್ಟರು. ಕೈಗೆ ಮೈಕು ಸಿಕ್ಕರೆ ಮುದುಕರಿಗೆ ಲಗಾಮು ಇರುವುದಿಲ್ಲ.

"ರಜಾಕಾರರಿಗಿ ಹ್ಯಾಂಗ ಟೋಪಿ ಹಾಕ್ದೆ ಕೇಳ್ರಿ" ಎಂದು ಶುರು ಮಾಡಿದರು. "ನಾನೇ ಖಾಸಿಂ ಅಲಿ ಕಡಿಂದ ಅಪ್ಪಗ ಹೇಳಿ ಕಳಿಸ್ದೆ. ಮಗ ಸತ್ತಾನ ಅಂತ ಹೇಳ್ರಿ, ಖರೇ ಮಾತ ನಮ್ಮಾಕಿಗಿ ಮಾತ್ರ ಹೇಳಬ್ಯಾಡ್ರಿ. ಆಕಿಗಿ ಸುಳ್ಳ ಬರಂಗಿಲ್ಲ, ನಕ್ಕಬಿಡ್ತಾಳ! ಅಪ್ಪ ಒಪ್ಪಲಿಲ್ಲ. ಸೊಸಿ ಸತ್ತ ಹೋಗ್ತಾಳ ಅಂದ. ಮತ್ತ ಖಾಸಿಂನ ಕಳಿಸಿ, ನಾನೇ ಆಣಿ ಹಾಕಿ ಒಪ್ಪಿಸ್ದೆ."

ಸಭೆಯೆಲ್ಲ ನಕ್ಕಿತು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ಎಲ್ಲರೂ ತಿರುಗಿ ನೋಡಿದರು.

ಅವರಿಗೆ ಅದು ನನ್ನಿಂದ ಮುಚ್ಚಿಟ್ಟ ಮಾತು ಎಂಬುದೇ ಮರೆತುಹೋಗಿತ್ತು. ಕೆಳಗಿಳಿದು ಬಂದು, "ಹ್ಯಾಂಗಿತ್ತ ನನ್ನ ಭಾಷಣ?" ಎಂದರು.

"ಛಲೋ ಇತ್ರಿ" ಎಂದೆ. ನನಗೆ ನಗು ಬರಲಿಲ್ಲ.

ಜೀಪು ಊರ ಹತ್ತಿರ ಬಂದಾಗ ಹೊಲದ ಬಳಿ ನಿಲ್ಲಿಸಿ ಇಳಿದೆ. ಬೇವಿನ ಮರದ ಕೆಳಗೆ ಮಾವನ ಗದ್ದುಗೆ ಇದೆ. ಅವರನ್ನು ಅಲ್ಲಿ ಮಣ್ಣೊಳಗೆ ಕೂಡಿಸಿದ ದಿನದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಮಗನ ಸಂಸಾರ ಉಳಿಯಲಿ ಎಂದು ನನ್ನ ಸಿಟ್ಟನ್ನೆಲ್ಲ ಹೊತ್ತುಕೊಂಡು, ಬಾಯಾರಿ ಹೋದ ಮನುಷ್ಯ. ಕಲ್ಲಿನ ಮೇಲೆ ಕೈಯಿಟ್ಟು, "ಮಾವೋರ..." ಎಂದೆ. ಎಂದೋ ಬತ್ತಿದೆ ಎಂದುಕೊಂಡಿದ್ದ ಅಳು ಎದೆ ಒಡೆದುಕೊಂಡು ಬಂತು.

ಹಿಂದೆ ಕೋಲಿನ ಸಪ್ಪಳವಾಯಿತು. ಶಾಲು ಜಾರಿಸಿಕೊಳ್ಳುತ್ತ ನಮ್ಮವರು ಬದುವಿನವರೆಗೆ ಬಂದಿದ್ದರು. ನನ್ನನ್ನು ನೋಡಿದಾಗಲೇ ಎಲ್ಲ ನೆನಪಾಗಿರಬೇಕು, ಮುಖ ಬಿಳಿಚಿಕೊಂಡಿತ್ತು.

"ಶಿವಕಾಂತಾ, ಅಳಬ್ಯಾಡ. ನಾ ಇದ್ದೇನಲ್ಲಾ" ಎಂದರು.

"ಅಲ್ಲೇ ನಿಂದರ್ರಿ" ಎಂದೆ. "ಇವತ್ತ ಅಳ್ಲಿಕತ್ತಿದ್ದ ನಿಮ್ಮ ಸಲುವಾಗಿ ಅಲ್ಲ."